ಖಾಲಿ ಸೈಟಿನ ಹೂವುಗಳು



ನಿಮ್ಮ ಮನೆಯ ಹತ್ತಿರ ಖಾಲಿ ಸೈಟು ಇದೆಯೇ? ಅಲ್ಲಿ ಏನೇನು ಬೆಳೆದಿದೆ? "ಏನಿರುತ್ತೆ, ಬರೀ ಕಳೆ, ಬರೀ ಕಸ" ಅನ್ನುತ್ತೀರಾ? ಈ ಪಾಠ ಓದಿ. ಆಮೇಲೆ ಒಂದು ಸಲ ಹೋಗಿ ನೋಡಿ.

ಮಗುವಿಗೆ ಏನಾಯಿತು?

ಬೆಂಗಳೂರಿನ ಅಂಚಿನಲ್ಲಿ ಒಂದು ಬಡಾವಣೆ. ಅಲ್ಲಿ ಒಂದು ಕಲಿಕಾ ಕೇಂದ್ರ. ಕೇಂದ್ರದ ಪಕ್ಕದಲ್ಲೇ ಒಂದು ಖಾಲಿ ಸೈಟು. ಯಾರೋ ಮನೆ ಕಟ್ಟಲು ಪಾಯ ತೋಡಿದ್ದರು. ಹಾಗೇ ಬಿಟ್ಟಿದ್ದರು. ಮಳೆ ಬಿತ್ತು. ಸೈಟಿನ ತುಂಬ ಗಿಡ ಎದ್ದವು. ಹೂವೂ ಬಿಟ್ಟವು.

ಒಂದು ಸಂಜೆ ಮಕ್ಕಳು ಆ ಸೈಟಿನಲ್ಲಿ ಅಡುಗೆ ಆಟ ಆಡುತ್ತಿದ್ದರು. ಎಲೆಯೇ ತಟ್ಟೆ. ಮಣ್ಣೇ ಅನ್ನ. ಯಾವುದೋ ಕಾಯಿಯೇ ಬದನೆಕಾಯಿ. ಕತ್ತಲಾಗುವ ಹೊತ್ತಿಗೆ ನಾಲ್ಕು ವರ್ಷದ ಒಂದು ಹುಡುಗ ಮನೆಗೆ ಬಂದ. ಮುಖ ಕೆಂಪಗಿತ್ತು. ಮೈ ಸುಡುತ್ತಿತ್ತು. ಬಾಯಿ ಒಣಗಿತ್ತು. ಕಣ್ಣಿನ ಪಾಪೆ ದೊಡ್ಡದಾಗಿತ್ತು. ಇಲ್ಲದ್ದನ್ನೆಲ್ಲ ನೋಡಿ ಬಡಬಡಿಸುತ್ತಿದ್ದ. ತಾಯಿ ಹೆದರಿ ಅಳತೊಡಗಿದಳು. ಅಕ್ಕಪಕ್ಕದವರು ಸೇರಿದರು.

"ಗಾಳಿ ಸೋಕಿದೆ ಕಣೇ. ತಾಯತ ಕಟ್ಟಿಸು" ಎಂದರು ಒಬ್ಬರು.

"ಮೊದಲು ದೃಷ್ಟಿ ತೆಗಿ" ಎಂದರು ಇನ್ನೊಬ್ಬರು.

ಆಗ ಎದುರು ಮನೆಯ ಅಜ್ಜಿ ಬಂದಳು. ಅಜ್ಜಿ ಬಯಲುಸೀಮೆಯ ಹಳ್ಳಿಯವಳು. ಮಗನ ಜೊತೆ ಬೆಂಗಳೂರಿಗೆ ಬಂದವಳು. ಕಲಿಕಾ ಕೇಂದ್ರದಲ್ಲಿ ಎಲ್ಲರಿಗಿಂತ ಹಿರಿಯಳು. ಹುಡುಗನ ಮುಚ್ಚಿದ ಮುಷ್ಟಿಯನ್ನು ಅಜ್ಜಿ ಬಿಡಿಸಿದಳು. ಒಳಗೆ ಮುಳ್ಳುಮುಳ್ಳಿನ ಒಂದು ಒಡೆದ ಕಾಯಿ ಇತ್ತು.

"ಅಯ್ಯೋ, ಇದು ಉಮ್ಮತ್ತಿ ಕಾಯಿ! ಬೀಜ ತಿಂದವ್ನೆ. ಗಾಳಿನೂ ಇಲ್ಲ, ಗೀಳಿನೂ ಇಲ್ಲ. ಏಳು, ಆಸ್ಪತ್ರೆಗೆ ನಡಿ. ಈ ಕಾಯಿನೂ ಕೈಲಿ ಇಟ್ಕೋ."

ಆಟೋ ಹಿಡಿದು ಓಡಿದರು. "ಏನು ತಿಂದಿದ್ದಾನೆ?" ಎಂದು ಡಾಕ್ಟರ್ ಕೇಳಿದರು. ತಾಯಿ ಕಾಯಿ ತೋರಿಸಿದಳು. ಡಾಕ್ಟರಿಗೆ ತಕ್ಷಣ ಗೊತ್ತಾಯಿತು. ಚಿಕಿತ್ಸೆ ಶುರುವಾಯಿತು. ಮೂರನೆಯ ದಿನ ಹುಡುಗ ನಗುತ್ತಾ ಮನೆಗೆ ಬಂದ.

ಮರುದಿನ ಕೇಂದ್ರದಲ್ಲಿ ಅದೇ ಮಾತು.

"ಅಜ್ಜಿ, ನಿಮಗೆ ಹೆಸರು ಗೊತ್ತಿದ್ದದ್ದು ಒಳ್ಳೇದಾಯ್ತು" ಎಂದಳು ಹೂ ಮಾರುವ ಅಕ್ಕ.

ಅಜ್ಜಿ ಹೇಳಿದಳು: "ನಂಗೆ ಗೊತ್ತು. ನನ್ನ ಸೊಸೆಗೆ ಗೊತ್ತಿಲ್ಲ. ನಾನು ಊರಿಗೆ ಹೋಗಿದ್ದಿದ್ರೆ ಏನ್ ಮಾಡ್ತಿದ್ರಿ?"

ಯಾರೂ ಮಾತಾಡಲಿಲ್ಲ. ಆಗ ಬೋಧಕಿ ಎದ್ದರು. "ಇವತ್ತಿನ ಪಾಠ ಒಳಗೆ ಬೇಡ. ಎಲ್ಲರೂ ಸೈಟಿಗೆ ಹೋಗೋಣ. ಪಾಟಿ, ಬಳಪ ತಗೊಳ್ಳಿ" ಎಂದರು.

ಗಿಡವನ್ನೂ ಓದಬಹುದು

ಸೈಟಿನ ಅಂಚಿನಲ್ಲಿ ಎಲ್ಲರೂ ನಿಂತರು. ಬೋಧಕಿ ಪಾಟಿಯ ಮೇಲೆ ಎರಡು ಅಕ್ಷರ ಬರೆದರು. ಒಂದು 'ಪ'. ಇನ್ನೊಂದು 'ಷ'.

"ಇವೆರಡೂ ಒಂದೇನಾ?"

"ಇಲ್ಲ. ಷಕ್ಕೆ ಹೊಟ್ಟೇಲಿ ಒಂದು ಗೀಟು ಇದೆ."

"ದೂರದಿಂದ ನೋಡಿದ್ರೆ?"

"ಒಂದೇ ಥರ ಕಾಣುತ್ತೆ."

"ಗಿಡಾನೂ ಹಾಗೇ. ದೂರದಿಂದ ಎಲ್ಲಾ ಹಸಿರು. ಹತ್ತಿರ ಹೋದ್ರೆ ಗೀಟು ಕಾಣುತ್ತೆ. ಹೂವಿನ ಬಣ್ಣ ಒಂದನ್ನೇ ನೋಡಿ ಹೆಸರು ಹೇಳಬೇಡಿ. ಐದು ಗುರುತು ನೋಡಿ."

ಐದು ಗುರುತುಗಳು ಇವು.

1. ಹೂವು. ಬಣ್ಣ ಯಾವುದು? ದಳ ಎಷ್ಟು? ಒಂಟಿಯೋ, ಗೊಂಚಲೋ?
2. ಎಲೆ. ಅಗಲವೋ, ಕಿರಿದೋ, ಸೀಳಿದೆಯೋ? ಮುಳ್ಳು ಇದೆಯೋ?
3. ಕಾಂಡ. ದುಂಡಗಿದೆಯೋ, ಮೂಲೆ ಇದೆಯೋ?
4. ಹಾಲು. ಎಲೆ ಮುರಿದ ಜಾಗದಲ್ಲಿ ಹಾಲು ಬರುತ್ತದೆಯೋ? ಯಾವ ಬಣ್ಣ?
5. ಕಾಯಿ. ದುಂಡಗೋ, ಚಪ್ಪಟೆಯೋ, ಮುಳ್ಳಿನದೋ?

ಗೊತ್ತಿಲ್ಲದ ಗಿಡವನ್ನು ಬರಿಗೈಯಲ್ಲಿ ಮುರಿಯಬೇಡಿ. ಕಡ್ಡಿಯಲ್ಲಿ ಮುರಿದು ನೋಡಿ. ರುಚಿ ನೋಡಲೇಬೇಡಿ.

ಬಿಳಿ ಹೂವುಗಳು

ಮೊದಲು ಬಿಳಿ ಹೂವು ಹುಡುಕಿದರು. ಒಂದಲ್ಲ, ಮೂರು ಸಿಕ್ಕವು. ಒಂದು ಒಳ್ಳೆಯದು. ಒಂದು ಕಾಟ ಕೊಡುವುದು. ಒಂದು ವಿಷ.

ತುಂಬೆ. ಇದು ಒಂದು ಮೊಳ ಎತ್ತರದ ಪುಟ್ಟ ಗಿಡ. ಎಲೆ ಕಿರಿದು. ಕಾಂಡದ ಸುತ್ತ ಹಸಿರು ಗುಂಡುಗಳು ಇರುತ್ತವೆ. ಆ ಗುಂಡಿನ ಸುತ್ತ ಪುಟ್ಟ ಬಿಳಿ ಹೂವು. ಹೂವಿಗೆ ತುಟಿ ಇದ್ದ ಹಾಗೆ ಕಾಣುತ್ತದೆ. ಶಿವನ ಪೂಜೆಗೆ ಈ ಹೂವು ಬೇಕು. ಹೂವಿನ ಬುಡದಲ್ಲಿ ಸಿಹಿ ಇರುತ್ತದೆ. ಜೇನುನೊಣ, ಚಿಟ್ಟೆ, ಇರುವೆ ಇದನ್ನು ಹುಡುಕಿ ಬರುತ್ತವೆ.

"ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು ಉರುಳಿಸಿ ನೋಡಿ" ಎಂದರು ಬೋಧಕಿ.

"ದುಂಡಗಿಲ್ಲ! ನಾಲ್ಕು ಮೂಲೆ ಇದೆ!"

ಹೌದು. ತುಂಬೆಯ ಕಾಂಡಕ್ಕೆ ನಾಲ್ಕು ಮೂಲೆ. ತುಳಸಿಯ ಎಳೆ ಕಾಂಡವನ್ನು ಮುಟ್ಟಿ ನೋಡಿ. ಅಲ್ಲಿಯೂ ಮೂಲೆ ಸಿಗುತ್ತದೆ. ತುಂಬೆ, ತುಳಸಿ ಒಂದೇ ಬಳಗ.

ಕಾಂಗ್ರೆಸ್ ಗಿಡ. ಇದಕ್ಕೆ ಪಾರ್ಥೇನಿಯಂ ಎಂಬ ಹೆಸರೂ ಇದೆ. ಎಲೆ ಸೇವಂತಿಗೆ ಎಲೆಯ ಹಾಗೆ ಸೀಳಿರುತ್ತದೆ. ಎಳೆ ಗಿಡ ನೆಲಕ್ಕೆ ಅಂಟಿಕೊಂಡು ಚಕ್ರದ ಹಾಗೆ ಹರಡಿರುತ್ತದೆ. ಆಮೇಲೆ ಸೊಂಟದ ಎತ್ತರ ಬೆಳೆಯುತ್ತದೆ. ಹೂವು ಸಬ್ಬಕ್ಕಿ ಕಾಳಿನಷ್ಟು. ಬಿಳಿ ಬಣ್ಣ. ಗೊಂಚಲು ಗೊಂಚಲು.

ಇದು ನಮ್ಮ ದೇಶದ ಗಿಡ ಅಲ್ಲ. ಅಮೆರಿಕ ಖಂಡದಿಂದ ಬಂದದ್ದು. 1955ರ ಸುಮಾರಿಗೆ ಪುಣೆಯಲ್ಲಿ ಇದು ಕಣ್ಣಿಗೆ ಬಿತ್ತು. ಆಮೇಲೆ ದೇಶದ ತುಂಬ ಹರಡಿತು. ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಕೆಲವರಿಗೆ ಇದನ್ನು ಮುಟ್ಟಿದರೆ ಮೈ ಕಡಿತ, ದದ್ದು. ಕೆಲವರಿಗೆ ಇದರ ಹೂವಿನ ಪುಡಿಯಿಂದ ಸೀನು, ಕೆಮ್ಮು, ಉಬ್ಬಸ. ಹಸು ತಿಂದರೆ ಹಾಲು ಕಹಿ.

"ಅದಕ್ಕೇ ನನ್ನ ಕುತ್ತಿಗೆ, ಮೊಣಕೈ ಎಲ್ಲಾ ಕಡೀತಿತ್ತು. ನಾನು ಸೋಪಿಂದು ಅಂದ್ಕೊಂಡಿದ್ದೆ" ಎಂದಳು ಹಾಲಿನ ಅಕ್ಕ. ಅವಳು ದಿನಾ ಹಸುವನ್ನು ಈ ಸೈಟಿನಲ್ಲೇ ಮೇಯಿಸುತ್ತಿದ್ದಳು.

"ಗಿಡದಿಂದಲೇ ಇರಬಹುದು. ಆದ್ರೂ ಒಂದ್ಸಲ ಚರ್ಮದ ಡಾಕ್ಟರಿಗೆ ತೋರಿಸು. ಈ ಗಿಡದ ವಿಷಯಾನೂ ಅವರಿಗೆ ಹೇಳು" ಎಂದರು ಬೋಧಕಿ.

ಈ ಗಿಡದ ಎಲೆಯ ಮೇಲೆ ಕೆಲವು ಸಲ ಪುಟ್ಟ ಜೀರುಂಡೆ ಕಾಣುತ್ತದೆ. ಮೈಮೇಲೆ ಕಂದು ಗೆರೆ ಇರುತ್ತದೆ. ಅದನ್ನು ಕೊಲ್ಲಬೇಡಿ. ಅದು ಈ ಗಿಡದ ಎಲೆಯನ್ನು ತಿನ್ನುತ್ತದೆ. ವಿಜ್ಞಾನಿಗಳು ಅದನ್ನು ಮೆಕ್ಸಿಕೋ ದೇಶದಿಂದ ತಂದರು. 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು.

ಉಮ್ಮತ್ತಿ. ಇದಕ್ಕೆ ದತ್ತೂರ, ಮದ್ದುಗುಣಿಕೆ ಎಂದೂ ಹೇಳುತ್ತಾರೆ. ಹೂವು ದೊಡ್ಡದು. ಕಹಳೆಯ ಹಾಗೆ ಉದ್ದ. ಬಿಳಿ ಬಣ್ಣ. ಕೆಲವು ಗಿಡದಲ್ಲಿ ನೇರಳೆ. ಸಂಜೆ ಅರಳುತ್ತದೆ. ಎಲೆ ಅಗಲ. ಉಜ್ಜಿದರೆ ಕೆಟ್ಟ ವಾಸನೆ. ಕಾಯಿ ದುಂಡಗೆ, ನಿಂಬೆಹಣ್ಣಿನಷ್ಟು. ಮೈಯೆಲ್ಲ ಮುಳ್ಳು. ಒಳಗಿನ ಬೀಜ ಮೆಣಸಿನಕಾಯಿ ಬೀಜದ ಹಾಗೆ ಚಪ್ಪಟೆ.

ಶಿವನಿಗೆ ಈ ಹೂವನ್ನೂ ಏರಿಸುತ್ತಾರೆ. ಏರಿಸಲಿ. ಆದರೆ ಬೇರಿನಿಂದ ಬೀಜದವರೆಗೆ ಇಡೀ ಗಿಡ ವಿಷ. ಬೀಜದಲ್ಲಿ ವಿಷ ಹೆಚ್ಚು. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಬೇಕು. ಕಾಯಿಯನ್ನು ಮಕ್ಕಳ ಕೈಗೆ ಕೊಡಲೇಬಾರದು.

ಹಳದಿ ಹೂವುಗಳು

ಸೈಟಿನ ಆ ತುದಿಯಲ್ಲಿ ಜಲ್ಲಿ ರಾಶಿ ಇತ್ತು. ಅದರ ಮೇಲೆ ಹಳದಿ ಹೂವು.

ಅರಿಶಿನ ದತ್ತೂರಿ. ಹೂವು ತೆಳ್ಳಗೆ, ಹೊಳೆಯುವ ಹಳದಿ. ಎಲೆಯ ಅಂಚಿನಲ್ಲೆಲ್ಲ ಮುಳ್ಳು. ಎಲೆಯ ನರ ಬಿಳಿ. ಮುರಿದರೆ ಅರಿಶಿನ ಬಣ್ಣದ ಹಾಲು ಬರುತ್ತದೆ.

"ಇದನ್ನೂ ನಮ್ಮೂರಲ್ಲಿ ದತ್ತೂರಿ ಅಂತಾರೆ. ಅದನ್ನೂ ದತ್ತೂರ ಅಂತಾರೆ" ಎಂದಳು ಅಜ್ಜಿ.

ನೋಡಿದಿರಾ? ಹೆಸರು ಹತ್ತಿರ ಹತ್ತಿರ. ಗಿಡ ಬೇರೆ ಬೇರೆ. ಅದಕ್ಕೇ ಗುರುತು ಮುಖ್ಯ.

ಇದರ ಕಾಯಿ ಒಣಗಿ ಒಡೆದರೆ ಕಪ್ಪು ಬೀಜ ಉದುರುತ್ತದೆ. ಅಚ್ಚು ಸಾಸಿವೆ ಕಾಳಿನ ಹಾಗೆ ಕಾಣುತ್ತದೆ. ಅಲ್ಲೇ ಅಪಾಯ. ಸಾಸಿವೆಯ ಜೊತೆ ಈ ಬೀಜ ಸೇರಿದರೆ ಎಣ್ಣೆ ವಿಷವಾಗುತ್ತದೆ. 1998ರಲ್ಲಿ ದೆಹಲಿಯಲ್ಲಿ ಹೀಗೇ ಆಯಿತು. ಸಾಸಿವೆ ಎಣ್ಣೆಯಲ್ಲಿ ಈ ಬೀಜದ ಎಣ್ಣೆ ಬೆರೆತಿತ್ತು. ಸಾವಿರಾರು ಜನ ಕಾಯಿಲೆ ಬಿದ್ದರು. ಕಾಲು ಊದಿಕೊಂಡಿತು. ಉಸಿರು ಕಟ್ಟಿತು. ಸುಮಾರು 60 ಜನ ಪ್ರಾಣ ಬಿಟ್ಟರು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬಿಡಿ ಸಾಸಿವೆ ತಂದಾಗ ತಟ್ಟೆಯಲ್ಲಿ ಹರಡಿ. ಸಾಸಿವೆ ಕಾಳು ನುಣ್ಣಗಿರುತ್ತದೆ. ದತ್ತೂರಿ ಬೀಜ ತರಿತರಿಯಾಗಿ, ಹೆಚ್ಚು ಕಪ್ಪಗಿರುತ್ತದೆ. ಅನುಮಾನ ಬಂದ ಕಾಳನ್ನು ಒತ್ತಿ ಒಡೆಯಿರಿ. ಸಾಸಿವೆಯ ಒಳಗೆ ಹಳದಿ. ದತ್ತೂರಿಯ ಒಳಗೆ ಬಿಳಿ.

ಆವರಿಕೆ. ಕೆಲವು ಕಡೆ ತಂಗಡಿ ಎನ್ನುತ್ತಾರೆ. ಇದು ಪೊದೆ. ಹೂವು ಬಂಗಾರದ ಹಳದಿ. ಐದು ದಳ. ಗೊಂಚಲು. ಎಲೆ ಹುಣಸೆ ಎಲೆಯ ಹಾಗೆ ಜೋಡಿ ಜೋಡಿ, ಆದರೆ ದೊಡ್ಡದು. ಮುಳ್ಳಿಲ್ಲ. ಮುರಿದರೆ ಹಾಲಿಲ್ಲ. ಕಾಯಿ ಚಪ್ಪಟೆ. ಇದರ ತೊಗಟೆಯನ್ನು ಚರ್ಮ ಹದ ಮಾಡಲು ಬಳಸುತ್ತಿದ್ದರು.

ಅಜ್ಜಿ ಹೂವನ್ನು ಕಣ್ಣಿಗೆ ಒತ್ತಿಕೊಂಡಳು. "ದೀಪಾವಳಿಗೆ ಸಗಣಿ ಲಕ್ಕಮ್ಮನ್ನ ಮಾಡಿ ಈ ಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸ್ತಿದ್ವಿ. ಇಲ್ಲಿಗೆ ಬಂದು ಹತ್ತು ವರ್ಷ ಆಯ್ತು. ಮನೆ ಮುಂದೇನೇ ಇತ್ತು, ನಾನು ನೋಡಿರಲಿಲ್ಲ" ಎಂದಳು.

ಇನ್ನೊಂದು ಪುಟ್ಟ ಹೂವು ನೆಲದ ತುಂಬ ಇತ್ತು. ನಡುವೆ ಹಳದಿ ಗುಂಡಿ. ಸುತ್ತ ಐದು ಕೆನೆ ಬಣ್ಣದ ದಳ. ಉದ್ದನೆಯ ಒಂಟಿ ಕಡ್ಡಿಯ ತುದಿಯಲ್ಲಿ ಒಂದೇ ಹೂವು. ಇದು ಗಬ್ಬು ಸಾವಂತಿ. ಕಾಂಗ್ರೆಸ್ ಗಿಡದ ಹಾಗೆ ಇದೂ ಅಮೆರಿಕದ ಕಡೆಯಿಂದ ಬಂದದ್ದು. ಹಳ್ಳಿಯಲ್ಲಿ ಗಾಯಕ್ಕೆ ಇದರ ರಸ ಹಾಕುತ್ತಾರೆ. ಸೈಟಿನ ಗಿಡದ ಮೇಲೆ ಧೂಳು, ಕೊಳೆ ಇರುತ್ತದೆ. ಅದನ್ನು ಗಾಯಕ್ಕೆ ಹಚ್ಚಬೇಡಿ. ಸೋಪು ನೀರಲ್ಲಿ ಗಾಯ ತೊಳೆಯಿರಿ. ತುಕ್ಕು ಕಬ್ಬಿಣ ತಗುಲಿದ್ದರೆ ಸೂಜಿ ಹಾಕಿಸಿಕೊಳ್ಳಿ.

ಬಣ್ಣದ ಹೂವುಗಳು

ಎಕ್ಕ. ಗೋಡೆಯ ಪಕ್ಕ ಆಳೆತ್ತರದ ಗಿಡ. ಎಲೆ ದಪ್ಪ. ಬೂದಿ ಎರಚಿದ ಹಾಗೆ ಕಾಣುತ್ತದೆ. ಹೂವು ತಿಳಿ ನೇರಳೆ. ನಡುವೆ ಕಿರೀಟ ಇಟ್ಟ ಹಾಗೆ ಇರುತ್ತದೆ. ಬಿಳಿ ಎಕ್ಕವೂ ಉಂಟು. ರಥಸಪ್ತಮಿಯ ಸ್ನಾನಕ್ಕೆ ಇದರ ಎಲೆ ಬೇಕು. ಗಣೇಶ, ಆಂಜನೇಯನಿಗೆ ಇದರ ಹಾರ ಬೇಕು.

ಹೂ ಮಾರುವ ಅಕ್ಕ ಹೇಳಿದಳು: "ಹಬ್ಬದ ಹಿಂದಿನ ದಿನ ಎಕ್ಕದ ಹೂವು ಕಿತ್ತು ಮಾರ್ತೀನಿ. ಒಂದ್ಸಲ ಅದೇ ಕೈಲಿ ಕಣ್ಣು ಉಜ್ಕೊಂಡೆ. ನೋವೇ ಇರಲಿಲ್ಲ. ಬೆಳಿಗ್ಗೆ ನೋಡಿದ್ರೆ ಎಲ್ಲಾ ಮಂಜು ಮಂಜು. ದಾರಿನೇ ಕಾಣಲಿಲ್ಲ."

ಎಕ್ಕದ ಬಿಳಿ ಹಾಲು ಕಣ್ಣಿಗೆ ಬಹಳ ಕೆಟ್ಟದ್ದು. ನೋವು ಇಲ್ಲ ಎಂದು ಸುಮ್ಮನಿರಬೇಡಿ. ಕೂಡಲೇ ಶುದ್ಧ ನೀರಿನಲ್ಲಿ ಕಾಲು ಗಂಟೆ ಕಣ್ಣು ತೊಳೆಯಿರಿ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಹರಳೆಣ್ಣೆ, ಎದೆಹಾಲು ಯಾವುದನ್ನೂ ಬಿಡಬೇಡಿ.

ಆದರೂ ಎಕ್ಕವನ್ನು ನಂಬಿದ ಜೀವ ಇದೆ. ಎಲೆಯ ಅಡಿಯಲ್ಲಿ ನೋಡಿ. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಇರಬಹುದು. ಅದು ಎಕ್ಕದ ಎಲೆಯನ್ನೇ ತಿಂದು ಬೆಳೆಯುತ್ತದೆ. ಆಮೇಲೆ ಕಿತ್ತಳೆ ಬಣ್ಣದ ಚಿಟ್ಟೆಯಾಗಿ ಹಾರುತ್ತದೆ.

ಲಂಟಾನ. ಒಂದೇ ಗೊಂಚಲಿನಲ್ಲಿ ಹಳದಿ, ಗುಲಾಬಿ, ಕಿತ್ತಳೆ ಹೂವು. ಎಲೆ ಒರಟು. ಕಾಂಡಕ್ಕೆ ಮುಳ್ಳು. ಸುಮಾರು 200 ವರ್ಷದ ಹಿಂದೆ ಇದನ್ನು ತೋಟದ ಅಂದಕ್ಕೆಂದು ತಂದರು. ಈಗ ಕಾಡೆಲ್ಲ ಇದೇ. ಎಲೆ ತಿಂದರೆ ದನಕರುಗಳಿಗೆ ಕಾಯಿಲೆ. ಹಸಿರು ಕಾಯಿ ಮಕ್ಕಳಿಗೆ ವಿಷ. ಮಲೆ ಮಹದೇಶ್ವರ ಬೆಟ್ಟದ ಜನ ಇದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡಿ ಮಾರುತ್ತಾರೆ. ಕಾಟ ಕೊಟ್ಟ ಗಿಡದಿಂದಲೇ ಕೂಲಿ ಹುಟ್ಟಿದೆ.

ನಿತ್ಯಪುಷ್ಪ. ಐದು ದಳದ ಗುಲಾಬಿ ಅಥವಾ ಬಿಳಿ ಹೂವು. ವರ್ಷವಿಡೀ ಬಿಡುತ್ತದೆ. ಈ ಗಿಡದಿಂದ ರಕ್ತದ ಕ್ಯಾನ್ಸರಿಗೆ ಔಷಧಿ ತೆಗೆಯುತ್ತಾರೆ. ಅದನ್ನು ಡಾಕ್ಟರ್ ಅಳತೆ ನೋಡಿ ಕೊಡುತ್ತಾರೆ. "ಸಕ್ಕರೆ ಕಾಯಿಲೆಗೆ ಒಳ್ಳೇದು" ಎಂದು ಎಲೆ ಜಗಿಯಬೇಡಿ. ಹಸಿ ಎಲೆ ವಿಷ.

ಕೀಳುವುದು ಯಾವುದು? ಬಿಡುವುದು ಯಾವುದು?

"ಎಲ್ಲಾ ಬೆಂಕಿ ಹಾಕಿಬಿಡೋಣ" ಎಂದಳು ಹುಡುಗನ ತಾಯಿ. ಅವಳ ಸಿಟ್ಟು ಎಲ್ಲರಿಗೂ ಅರ್ಥವಾಯಿತು.

ಅಜ್ಜಿ ಹೇಳಿದಳು: "ಬ್ಯಾಡ ಮಗಳೇ. ಹೊಗೆ ಕುಡಿದು ಇನ್ನೊಬ್ಬರು ಮಲಗ್ತಾರೆ. ತುಂಬೆ ಏನು ತಪ್ಪು ಮಾಡಿದೆ?"

ಎಲ್ಲರೂ ಸೇರಿ ತೀರ್ಮಾನಿಸಿದರು. ಸೈಟಿನ ಒಡೆಯರನ್ನು ಕೇಳಿದರು. ಅವರು ಒಪ್ಪಿದರು. ಮಳೆ ಬಂದ ಮರುದಿನ ಮಣ್ಣು ಮೆತ್ತಗಿತ್ತು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡರು. ಮೂಗು, ಬಾಯಿಗೆ ಬಟ್ಟೆ ಸುತ್ತಿದರು. ಮೊದಲು ಹೂ ಬಿಡದ ಎಳೆಯ ಕಾಂಗ್ರೆಸ್ ಗಿಡಗಳನ್ನು ಬೇರು ಸಮೇತ ಕಿತ್ತರು. ಹೂ ಬಿಟ್ಟ ಮೇಲೆ ಕಿತ್ತರೆ ಬೀಜ ಉದುರಿ ಮತ್ತೆ ಹುಟ್ಟುತ್ತದೆ. ಮೈ ಕಡಿತ ಇದ್ದ ಹಾಲಿನ ಅಕ್ಕನನ್ನು ದೂರ ಕೂರಿಸಿದರು. ಆಮೇಲೆ ಉಮ್ಮತ್ತಿ, ಅರಿಶಿನ ದತ್ತೂರಿಯನ್ನು ಕಿತ್ತರು. ತುಂಬೆ, ಆವರಿಕೆಯನ್ನು ಬಿಟ್ಟರು. ಎಕ್ಕವನ್ನೂ ಬಿಟ್ಟರು. ಖಾಲಿಯಾದ ಜಾಗಕ್ಕೆ ಚೆಂಡುಹೂವಿನ ಬೀಜ ಎರಚಿದರು.

ಹಾಲಿನ ಅಕ್ಕ ಕೇಳಿದಳು: "ಇಲ್ಲಿ ಗಣಿಕೆ ಸೊಪ್ಪು, ಗೋಣಿ ಸೊಪ್ಪು ಇದೆ. ಸಾರಿಗೆ ಕೀಳಬಹುದಾ?"

"ಬೇಡ. ಇದು ಮನೆ ಹಿತ್ತಲಲ್ಲ. ಇಲ್ಲಿ ಬಣ್ಣದ ಡಬ್ಬ, ಹಳೇ ಬ್ಯಾಟರಿ, ಚರಂಡಿ ನೀರು ಎಲ್ಲಾ ಬಿದ್ದಿದೆ. ಸೊಪ್ಪು ಅದನ್ನೇ ಹೀರಿರುತ್ತೆ" ಎಂದರು ಬೋಧಕಿ.

ಕೊನೆಗೆ ಒಂದು ರಟ್ಟು ತಂದರು. ಸೈಟಿನ ಗಿಡಗಳ ಹೆಸರು ಬರೆಯಬೇಕು. ಯಾರು ಬರೆಯುವುದು?

"ಅಜ್ಜಿ ಬರೀಲಿ" ಎಂದಳು ಹುಡುಗನ ತಾಯಿ.

ಅಜ್ಜಿ ಬಳಪ ಹಿಡಿದಳು. 'ಉ' ಬರೆದಳು. 'ಮ' ಬರೆದಳು. ಅದರ ಕೆಳಗೆ ಒತ್ತು ಕೊಟ್ಟಳು. 'ತಿ' ಬರೆದು ಅದಕ್ಕೂ ಒತ್ತು ಕೊಟ್ಟಳು. ಮುಂದೆ 'ವಿಷ' ಎಂದು ಬರೆದಳು. 'ಷ'ದ ಗೀಟನ್ನು ಮರೆಯಲಿಲ್ಲ.

ಉಮ್ಮತ್ತಿ. ವಿಷ.

ಅಜ್ಜಿಯ ಸೊಸೆ ಅದನ್ನು ಗಟ್ಟಿಯಾಗಿ ಓದಿದಳು. ಮಕ್ಕಳೂ ಓದಿದರು. ಅಜ್ಜಿಗೆ ಮಾತ್ರ ಗೊತ್ತಿದ್ದ ಹೆಸರು ಈಗ ಇಡೀ ಬೀದಿಗೆ ಗೊತ್ತಾಯಿತು.

ನೆನಪಿಡಿ

ಮಗು ಗೊತ್ತಿಲ್ಲದ ಗಿಡ, ಕಾಯಿ ತಿಂದರೆ:
• ಬಾಯಲ್ಲಿ ಉಳಿದದ್ದನ್ನು ತೆಗೆಯಿರಿ.
• ವಾಂತಿ ಮಾಡಿಸಬೇಡಿ. ಉಪ್ಪು ನೀರು ಕುಡಿಸಬೇಡಿ.
• ಕೂಡಲೇ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ.
• ಆ ಗಿಡದ ಎಲೆ, ಕಾಯಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ.

ಅಭ್ಯಾಸ

1. ಬಿಟ್ಟ ಜಾಗ ತುಂಬಿ.
ತುಂಬೆಯ ಕಾಂಡಕ್ಕೆ ______ ಮೂಲೆ.
ಅರಿಶಿನ ದತ್ತೂರಿಯ ಹಾಲು ______ ಬಣ್ಣ.
ಉಮ್ಮತ್ತಿಯ ಕಾಯಿಯ ಮೈಯೆಲ್ಲ ______.

2. ಉತ್ತರ ಬರೆಯಿರಿ.
ಕಾಂಗ್ರೆಸ್ ಗಿಡವನ್ನು ಯಾವಾಗ ಕೀಳಬೇಕು? ಏಕೆ?
ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಏನು ಮಾಡಬೇಕು?
ಸಾಸಿವೆಯನ್ನು ಹೇಗೆ ಪರೀಕ್ಷೆ ಮಾಡುವಿರಿ?

3. ಒತ್ತಕ್ಷರ ಇರುವ ಪದಗಳು. ಓದಿ, ಬರೆಯಿರಿ.
ಎಕ್ಕ, ಉಮ್ಮತ್ತಿ, ದತ್ತೂರಿ, ಗಬ್ಬು, ನಿತ್ಯಪುಷ್ಪ

4. ಮಾಡಿ ನೋಡಿ.
ನಿಮ್ಮ ಬೀದಿಯ ಖಾಲಿ ಜಾಗಕ್ಕೆ ಇಬ್ಬರು ಮೂವರು ಸೇರಿ ಹೋಗಿ. ಐದು ಗಿಡ ಗುರುತಿಸಿ. ಹೆಸರು ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ. ಅವರು ಹೇಳಿದ ಹೆಸರನ್ನು ನೀವು ಬರೆದಿಡಿ.